ಖಾಸಿಂಸಾಬರ ಮೂವತ್ತೊಂದು ಪಾರಿವಾಳಗಳು

ಖಾಸಿಂಸಾಬರ ಸಿಟ್ಟಿಗೆ ಒಂದು ಸದ್ದಿತ್ತು. ನಮ್ಮ ಪ್ರಯೋಗಾಲಯದ ಹಿಂಬಾಗಿಲ ಬಳಿ ಇರಿಸಿದ್ದ ಕಬ್ಬಿಣದ ಡ್ರಮ್ಮಿನೊಳಗೆ ಗಾಜಿನ ತಟ್ಟೆಗಳು ಅಪ್ಪಳಿಸಿ ಚೂರಾಗುವ ಸದ್ದು ಅದು. ರೋಗಾಣುಗಳನ್ನು ಬೆಳೆಸುವ ಆ ತಟ್ಟೆಗಳಲ್ಲಿ ಯಾವುದರ ಮುಚ್ಚಳದ ಮೇಲೆ ತಾರೀಖು ಇಲ್ಲವೋ ಅದು ವಿಭಾಗದ ಮುಖ್ಯಸ್ಥರದೇ ಆಗಿರಲಿ, ನಿನ್ನೆ ಬಂದ ವಿದ್ಯಾರ್ಥಿಯದೇ ಆಗಿರಲಿ, ಅವರ ಕೈಯಿಂದ ಪಾರಾಗುತ್ತಿರಲಿಲ್ಲ. ಮೊದಲು ಅದನ್ನು ಒತ್ತಡದ ಹಬೆಯಲ್ಲಿ ಬೇಯಿಸಿ ಒಳಗಿನ ಜೀವವನ್ನು ನಿಃಶೇಷವಾಗಿ ಕೊಲ್ಲುವರು. ಆಮೇಲೆ ತೊಳೆದು ಮತ್ತೆ ಬಳಸಬಹುದಾದ ಆ ಗಾಜನ್ನು ತೋಳೆತ್ತಿ ಡ್ರಮ್ಮಿಗೆ ಬೀಸಿ ಹೊಡೆಯುವರು. ಅವರು ನಮ್ಮ ಪ್ರಯೋಗಾಲಯದ ತಂತ್ರಜ್ಞರು; ಕುಳ್ಳ ದೇಹ, ಕುಸ್ತಿಪಟುವಿನಂಥ ಮಣಿಕಟ್ಟು, ಕಣ್ಣಿಗೆ ಸುರ್ಮಾ. ಆ ಹೊಡೆತಕ್ಕೆ ಕಿಟಕಿಯ ಗಾಜೂ ನಡುಗುತ್ತಿತ್ತು.

ನಾನು ಕಲಬುರಗಿಯ ಸೇಡಂ ರಸ್ತೆಯ ಆ ಆಸ್ಪತ್ರೆಯ ಪ್ರಯೋಗಾಲಯಕ್ಕೆ ಸಂಶೋಧಕನಾಗಿ ಸೇರಿದ ಮೊದಲ ತಿಂಗಳಲ್ಲೇ ನನ್ನ ಒಂಬತ್ತು ತಟ್ಟೆಗಳು ಹೀಗೆ ಹೋದವು.

"ಖಾಸಿಂಸಾಬ್, ಮೂರು ವಾರದ ಕೆಲಸ ಅದು!" ಎಂದು ನಾನು ಕೂಗಿದೆ.

"ಮೂರು ವಾರ ಅಂತ ನಿಮಗ ಹ್ಯಾಂಗ ಗೊತ್ತರೀ ಡಾಕ್ಟರ ಸಾಬ? ಮ್ಯಾಲ ಎಲ್ಲಿ ಬರದದ? ಅರೆ, ಆಸ್ಪತ್ರ್ಯಾಗ ಹುಟ್ಟಿದ ಕೂಸಿಗೆ ಸೈತ ಕೈಗೆ ಚೀಟಿ ಕಟ್ತಾರ. ನೀವು ರೋಗಕ್ಕ ಚೀಟಿ ಕಟ್ಟಂಗಿಲ್ಲೇನು?"

ಅಂದಿನಿಂದ ನಿವೃತ್ತನಾದ ಈ ದಿನದವರೆಗೂ ನಾನು ತಾರೀಖು ಹಾಕದೆ ಒಂದು ಕಾಗದವನ್ನೂ ಕೆಳಗಿಟ್ಟಿಲ್ಲ. ಈ ಬರಹಕ್ಕಾಗಿಯೂ ನನ್ನ ದಿನಚರಿಯನ್ನು, ಪ್ರಯೋಗಾಲಯದ ನೋಂದಣಿ ಪುಸ್ತಕದ ನಕಲನ್ನು ಎದುರಿಗಿಟ್ಟುಕೊಂಡಿದ್ದೇನೆ. ಎರಡರಲ್ಲಿ ವ್ಯತ್ಯಾಸ ಬಂದ ಕಡೆ ಪುಸ್ತಕವನ್ನೇ ನಂಬಿದ್ದೇನೆ. ಅದು ಖಾಸಿಂಸಾಬರ ಕೈಬರಹ.

ನಮ್ಮ ಕೆಲಸ ಏನೆಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಗಾಳಿಯಲ್ಲಿ, ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ ಇರುವ ಎಷ್ಟೋ ಶಿಲೀಂಧ್ರಗಳನ್ನು ನಾವೆಲ್ಲ ದಿನವೂ ಉಸಿರಿನೊಂದಿಗೆ ಒಳಕ್ಕೆಳೆದುಕೊಳ್ಳುತ್ತೇವೆ. ನಮ್ಮ ಮೈಯ ಕಾವಲು ಗಟ್ಟಿಯಾಗಿರುವುದರಿಂದ ಅವು ಎದೆಗೂಡಿನಲ್ಲೇ ಸಾಯುತ್ತವೆ. ಆದರೆ ರಕ್ತದ ಕ್ಯಾನ್ಸರಿನವರು, ಎಚ್‌ಐವಿ ಸೋಂಕಿನವರು, ಬೇರೊಬ್ಬರ ಮೂತ್ರಪಿಂಡ ಹಾಕಿಸಿಕೊಂಡು ಅದನ್ನು ಮೈ ತಿರಸ್ಕರಿಸದಿರಲೆಂದು ಗುಳಿಗೆ ನುಂಗುವವರು, ಇವರ ಮೈಯಲ್ಲಿ ಕಾವಲೇ ಇರುವುದಿಲ್ಲ. ಅವರಲ್ಲಿ ಶಿಲೀಂಧ್ರ ಎದೆಯಿಂದ ಮಿದುಳಿಗೆ ಏರುತ್ತದೆ. ಅಂಥವುಗಳಲ್ಲಿ ಕ್ರಿಪ್ಟೊಕಾಕಸ್ ಎಂಬುದರ ಬೆನ್ನು ಹತ್ತಿದವನು ನಾನು. ಅದು ಎಲ್ಲಿಂದ ಬಂತು, ಯಾವ ರೋಗಿಗೆ ಹೇಗೆ ತಗುಲಿತು ಎಂದು ಹುಡುಕುವುದೇ ನನ್ನ ಸಂಶೋಧನೆಯಾಗಿತ್ತು.

ಈ ಶಿಲೀಂಧ್ರವನ್ನು ಗುರುತಿಸಲು ಬೇಕಾದ ಮುಖ್ಯ ಸಾಮಗ್ರಿ ಗುರೆಳ್ಳು. ನಮ್ಮ ಭಾಗದವರು ರೊಟ್ಟಿಯ ಜೊತೆಗೆ ಹಿಂಡಿ ಮಾಡಿಕೊಂಡು ತಿನ್ನುವ ಅದೇ ಗುರೆಳ್ಳನ್ನು ಕುಟ್ಟಿ, ಕುದಿಸಿ, ಸೋಸಿ ಮಾಡಿದ ಮಾಧ್ಯಮದ, ಅಂದರೆ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿದ ಆಹಾರದ, ಮೇಲೆ ಕ್ರಿಪ್ಟೊಕಾಕಸ್ ಕಂದು ಬಣ್ಣದಲ್ಲಿ ಬೆಳೆಯುತ್ತದೆ. ಬೇರೆ ಊರಿನ ಪ್ರಯೋಗಾಲಯಗಳು ಸಿದ್ಧಪುಡಿ ತರಿಸುತ್ತಿದ್ದವು. ಖಾಸಿಂಸಾಬರು ಶಹಾಬಜಾರದ ಅಂಗಡಿಯಿಂದ ಗುರೆಳ್ಳು ತಂದು, ಮೊರದಲ್ಲಿ ಕೇರಿ, ಒಂದೊಂದೇ ಹರಳು ಆರಿಸುತ್ತಿದ್ದರು. "ಕಲ್ಲ ಬಂದ್ರ ನಮ್ಮ ಹಲ್ಲ ಹೋಗ್ತದ, ಈ ಬೂಷ್ಟಿಂದೇನು ಹೋಗಂಗಿಲ್ಲ. ಆದ್ರೂ ಮನಿಗೆ ಬಂದ ಮೆಹಮಾನ್ ಅದ ನೋಡ್ರಿ" ಎನ್ನುವರು. ರೋಗಿಯ ಬೆನ್ನುಮೂಳೆಯಿಂದ ತೆಗೆದ ನೀರಿಗೆ ಕಪ್ಪು ಶಾಯಿ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈ ಶಿಲೀಂಧ್ರದ ಸುತ್ತ ಒಂದು ಬೆಳ್ಳನೆಯ ವರ್ತುಲ ಕಾಣುತ್ತದೆ. ಅದನ್ನು ಅವರು ಚಂದ್ರ ಎಂದು ಕರೆಯುತ್ತಿದ್ದರು. "ಏಳನೇ ಮಂಚದವಂದು ನೋಡಿದೆ. ಮೂರು ಚಂದ್ರ ಅವ" ಎಂದು ವರದಿ ಒಪ್ಪಿಸುವರು.

ಅವರ ಬಲಗಿವಿಯ ಮೇಲೆ ಏಳು ಹೊಲಿಗೆಯ ಗಾಯದ ಗುರುತಿತ್ತು. ಅದು ಬಿದ್ದ ದಿನ ಸೋಮವಾರ. ನನ್ನ ದಿನಚರಿ ಮಂಗಳವಾರ ಎನ್ನುತ್ತದೆ, ಆದರೆ ನಾನು ಬರೆದುಕೊಂಡದ್ದು ಮರುದಿನ. ರಕ್ತದ ಕ್ಯಾನ್ಸರಿನ ಹುಡುಗಿಯೊಬ್ಬಳು ಶಿಲೀಂಧ್ರದ ಸೋಂಕಿನಿಂದ ಸತ್ತಳು. ಆಕೆಯ ಕಡೆಯ ಏಳೆಂಟು ಮಂದಿ ವಾರ್ಡಿನ ಕುರ್ಚಿ ಮುರಿದು, ಅದರ ಕಬ್ಬಿಣದ ಕಾಲುಗಳನ್ನು ಹಿಡಿದು ನಮ್ಮ ಬಾಗಿಲಿಗೆ ಬಂದರು. ವರದಿ ತಡವಾದದ್ದೇ ಸಾವಿಗೆ ಕಾರಣವೆಂದು ಯಾರೋ ಅವರಿಗೆ ಹೇಳಿದ್ದರು. ಖಾಸಿಂಸಾಬರು ನನ್ನನ್ನು ಮೇಜಿನಡಿಗೆ ನೂಕಿ, ತಟ್ಟೆಗಳನ್ನು ಬೆಚ್ಚಗಿಡುವ ಪೆಟ್ಟಿಗೆಗೆ ಬೆನ್ನುಕೊಟ್ಟು ನಿಂತರು. ಮೊದಲ ಹೊಡೆತ ಕಿವಿಯ ಮೇಲೆ ಬಿತ್ತು. ಎರಡನೆಯದಕ್ಕೆ ಅವರು ಆ ಕಬ್ಬಿಣವನ್ನೇ ಹಿಡಿದು, ಹೊಡೆದವನ ತೋಳನ್ನು ತಿರುವಿದರು. ಮೂಳೆ ಮುರಿದ ಸದ್ದು ನನಗೆ ಮೇಜಿನಡಿಯಲ್ಲಿ ಕೇಳಿಸಿತು. ಪೊಲೀಸರು ಬಂದಾಗ ಖಾಸಿಂಸಾಬರ ಬಿಳಿಯ ಕೋಟು ಸೊಂಟದವರೆಗೆ ಕೆಂಪಾಗಿತ್ತು. ಪೆಟ್ಟಿಗೆಯೊಳಗಿನ ನಲವತ್ತು ತಟ್ಟೆಗಳಲ್ಲಿ ಒಂದೂ ಅಲುಗಿರಲಿಲ್ಲ.

"ಜೀವ ಹೋಗ್ತಿತ್ತಲ್ಲ ಖಾಸಿಂಸಾಬ್" ಎಂದೆ, ಹೊಲಿಗೆ ಹಾಕುವಾಗ.

"ನನ್ನ ತಲಿ ಹೊಲೀಲಿಕ್ಕ ಬರ್ತದ. ಆ ಪೆಟ್ಟಿಗ್ಯಾಗ ಬದುಕಿರೋ ನಾಕು ಮಂದಿ ವರದಿ ಅವ. ಒಡದು ಹೋದ್ರ ಅವರಿಗೆ ಹೊಲಿಗಿ ಎಲ್ಲಿ ಹಾಕ್ತೀರಿ?"

ಇಂಥ ಮನುಷ್ಯ ಮನೆಗೆ ಹೋದ ಮೇಲೆ ಬೇರೆಯಾಗುತ್ತಿದ್ದರು. ಶಹಾಬಜಾರದ ಇಕ್ಕಟ್ಟು ಓಣಿಯೊಂದರಲ್ಲಿ ಅವರ ತಂದೆಯ ಕಾಲದ ಮನೆ. ಅದರ ಮಾಳಿಗೆಯ ಮೇಲೆ ಪಾರಿವಾಳದ ಗೂಡು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಸಾಯಂಕಾಲ ಮಾಳಿಗೆ ಹತ್ತಿ, ಎರಡು ಬೆರಳು ಬಾಯಲ್ಲಿಟ್ಟು ಸಿಳ್ಳೆ ಹಾಕಿದರೆ ಕೋಟೆಯ ಕಡೆಗೆ ಹಾರಿದ್ದ ಇಡೀ ಹಿಂಡು ಒಂದೇ ಬಟ್ಟೆ ಮಡಿಚಿದಂತೆ ತಿರುಗಿ ಬರುತ್ತಿತ್ತು. ಜೋಳದ ಕಾಳಿಗೆ ಮುಂಚೆ ಅವು ಅವರ ಹೆಗಲಿಗೆ ಬಂದು ಕೂರುತ್ತಿದ್ದವು. ಪ್ರತಿಯೊಂದಕ್ಕೂ ಹೆಸರಿತ್ತು, ಕಾಲಿಗೆ ದಾರವಿತ್ತು, ಮರಿಯಾದ ತಾರೀಖು ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿತ್ತು.

ಅವರಿಗಿದ್ದ ರಕ್ತಸಂಬಂಧ ತಂಗಿ ಶಮೀಮ ಒಬ್ಬಳೇ. ತಾಯಿ ಸತ್ತಾಗ ಆಕೆಗೆ ನಾಲ್ಕು ವರ್ಷ. ಬೆಳೆಸಿ, ಓದಿಸಿ, ಕಮಲಾಪುರದ ಬಡಗಿ ಚಾಂದಪಾಶಾನಿಗೆ ಕೊಟ್ಟಿದ್ದರು. ಆಕೆಯ ಎರಡೂ ಮೂತ್ರಪಿಂಡಗಳು ಕೆಟ್ಟಾಗ ಹೈದರಾಬಾದಿನಲ್ಲಿ ತಮ್ಮದೊಂದನ್ನು ತೆಗೆಸಿ ಕೊಟ್ಟರು. ತಪಾಸಣೆಗೆ ಬಂದಾಗಲೆಲ್ಲ ಆಕೆ ಅಣ್ಣನ ಮನೆಯಲ್ಲಿ ವಾರಗಟ್ಟಲೆ ಇರುತ್ತಿದ್ದಳು. ಒಮ್ಮೆ ನಾನು ಹೋಗಿದ್ದಾಗ ಚಹಾ ತಂದಿಟ್ಟು ಹೇಳಿದಳು: "ನೋಡ್ರಿ ಡಾಕ್ಟರ ಸಾಬ, ಭಾಯಿಗೆ ನನಗಿಂತ ಕಬೂತರ್ ಮ್ಯಾಲ ಪ್ಯಾರ್. ಅವಕ್ಕ ಮುಂಜಾನಿ ಸಂಜಿ ದಾಣಿ. ನನಗ ಒಂದೇ ಒಂದು ಕಿಡ್ನಿ ಕೊಟ್ಟು ಕೈ ತೊಳಕೊಂಡಾನ."

"ಸುಮ್ನಿರ ಹುಚ್ಚಿ. ಕಬೂತರ್ ಉಪ್ಪು ಕಡಿಮಿ ಹಾಕೂ ಅಂದ್ರ ಕೇಳ್ತಾವ. ನೀ ಕೇಳ್ತೀಯೇನು?" ಎಂದರು ಖಾಸಿಂಸಾಬರು.

ಕೊರೋನಾದ ಹಾವಳಿ ಇಳಿದ ಮೇಲಿನ ಎರಡನೆಯ ಚಳಿಗಾಲದಲ್ಲಿ ಶಮೀಮಳಿಗೆ ತಲೆನೋವು ಶುರುವಾಯಿತು. ಹತ್ತು ದಿನ ಗುಳಿಗೆಗೆ ಅಡಗಿ ಮತ್ತೆ ಏಳುತ್ತಿತ್ತು. ಹನ್ನೊಂದನೆಯ ದಿನ ಅಣ್ಣನ ಮನೆಯಲ್ಲೇ ಆಕೆ ಬಿದ್ದು ಕೈಕಾಲು ಬಡಿದುಕೊಂಡಳು. ನಾಲಗೆ ಕಚ್ಚಿಕೊಂಡು ಬಾಯಿ ತುಂಬ ರಕ್ತ. ವಾರ್ಡಿನಲ್ಲಿ ಬೆನ್ನಿಗೆ ಸೂಜಿ ಹಾಕಿದಾಗ ಹನಿಹನಿಯಾಗಿ ಇಳಿಯಬೇಕಾದ ನೀರು ಚಿಮ್ಮಿ ವೈದ್ಯರ ಮುಂಗೈಗೆ ಬಡಿಯಿತಂತೆ. ಮಿದುಳಿನ ಒತ್ತಡ ಅಷ್ಟಿತ್ತು. ಆ ಸೀಸೆಯನ್ನು ಖಾಸಿಂಸಾಬರೇ ಹಿಡಿದು ತಂದರು. ನಾನು ನೋಡುತ್ತೇನೆ ಎಂದರೂ ಬಿಡಲಿಲ್ಲ. ಶಾಯಿಯ ಹನಿ ಹಾಕಿದರು, ಗಾಜು ಮುಚ್ಚಿದರು, ಕಣ್ಣಿಟ್ಟರು. ಗಾಜನ್ನು ಸಾಲುಸಾಲಾಗಿ ಸರಿಸಿ ನೋಡಿದರು. ನಾನು ಅವರ ಹಿಂದೆ ನಿಂತಿದ್ದೆ.

"ಎಣಿಸ್ಲಿಕ್ಕ ಆಗಂಗಿಲ್ರಿ" ಎಂದರು ಕೊನೆಗೆ. "ಆಕಾಶದ ತುಂಬ ಚಂದ್ರ ಅವ."

ಆಮೇಲೆ ನೋಂದಣಿ ಪುಸ್ತಕ ತೆರೆದು ತಂಗಿಯ ಹೆಸರು, ವಯಸ್ಸು, ತಾರೀಖು, ಗಂಟೆ ಬರೆದರು. ಆ ಸಾಲಿನಲ್ಲಿ ಅಕ್ಷರ ಒಂದೂ ಸೊಟ್ಟಗಿಲ್ಲ. ಈಗಷ್ಟೇ ಮತ್ತೊಮ್ಮೆ ನೋಡಿದೆ.

ಇನ್ನು ನನ್ನ ತಪ್ಪಿನ ವಿಷಯ. ಕ್ರಿಪ್ಟೊಕಾಕಸ್‌ನಲ್ಲಿ ಎರಡು ಬಗೆ. ಒಂದು ಹೆಚ್ಚಾಗಿ ಪಾರಿವಾಳದ ಒಣಗಿದ ಹಿಕ್ಕೆಯಲ್ಲಿ ಸಿಗುತ್ತದೆ. ಇನ್ನೊಂದು ಹಳೆಯ ಮರಗಳ ಕೊಳೆತ ಪೊಟರೆಯಲ್ಲಿ. ಗುರೆಳ್ಳಿನ ಮಾಧ್ಯಮದ ಮೇಲೆ ಎರಡೂ ಕಂದು ಬಣ್ಣವೇ. ಅವನ್ನು ಬೇರ್ಪಡಿಸಲು ಮತ್ತೊಂದು ಮಾಧ್ಯಮ ಬೇಕು. ಅದರಲ್ಲಿ ಮರದ ಬಗೆ ನೀಲಿಯಾಗುತ್ತದೆ, ಪಾರಿವಾಳದ ಬಗೆ ಬಣ್ಣ ಬದಲಿಸುವುದಿಲ್ಲ. ಅದಕ್ಕೆ ಬೇಕಾದ ರಾಸಾಯನಿಕ ನಮ್ಮಲ್ಲಿ ಮುಗಿದಿತ್ತು; ತರಿಸಲು ಬರೆದಿದ್ದೆವು. ಖಾಸಿಂಸಾಬರು ತಾವಾಗಿಯೇ ತಮ್ಮ ಗೂಡಿನ ಹಿಕ್ಕೆ ತಂದು ತಟ್ಟೆಗೆ ಹಾಕಿದ್ದರು. ನಾಲ್ಕನೆಯ ದಿನ, ಬುಧವಾರ ಬೆಳಿಗ್ಗೆ, ತಂಗಿಯ ತಟ್ಟೆ ಮತ್ತು ಗೂಡಿನ ತಟ್ಟೆ ಎರಡೂ ಕಂದಾಗಿ ನನ್ನ ಮೇಜಿನ ಮೇಲಿದ್ದವು. ಅವರು ಎದುರಿಗೆ ನಿಂತು ಕೇಳಿದರು.

"ಹೇಳ್ರಿ ಡಾಕ್ಟರ ಸಾಬ. ನಮ್ಮವೇ ಏನು?"

ಇನ್ನೊಂದು ಪರೀಕ್ಷೆ ಬಾಕಿ ಇದೆ ಎನ್ನಬೇಕಿತ್ತು. ಆದರೆ ಇಪ್ಪತ್ತು ವರ್ಷ ನಾನು ಹುಡುಕಿದ್ದ ಸರಪಳಿ, ಗೂಡಿನಿಂದ ಮಿದುಳಿನವರೆಗೆ, ಪೂರ್ಣವಾಗಿ ಕಣ್ಣೆದುರಿಗಿತ್ತು. ಆಕೆ ಮಲಗುತ್ತಿದ್ದದ್ದು ಗೂಡಿನ ಕೆಳಗಿನ ಕೋಣೆಯಲ್ಲೇ. ನಾನು ಹೇಳಿದೆ: "ಹೌದ್ರೀ. ನಿಮ್ಮ ಪಾರಿವಾಳವೇ."

ಅವರು ಕೋಟು ಬಿಚ್ಚಿ ಮೊಳೆಗೆ ಹಾಕಿದರು. ಎರಡು ಮುಖಗವಸು, ಒಂದು ಜೊತೆ ಕೈಗವಸು ಜೇಬಿಗಿಟ್ಟುಕೊಂಡು ಹೊರಟುಹೋದರು. ಅರ್ಧ ಗಂಟೆಯ ನಂತರ ನನಗೆ ಭಯ ಹುಟ್ಟಿ ರಿಕ್ಷಾ ಹಿಡಿದೆ. ಓಣಿಯ ತಿರುವಿನಲ್ಲೇ ಜನ ನಿಂತಿದ್ದರು. ಮಳೆನೀರು ಬೀಳಲೆಂದು ಮಾಳಿಗೆಯಿಂದ ಹೊರಚಾಚಿದ್ದ ತಗಡಿನ ದೋಣಿಯಿಂದ ರಕ್ತ ತೊಟ್ಟಿಕ್ಕಿ ಕೆಳಗಿನ ಚರಂಡಿಯ ಕಲ್ಲಿನ ಮೇಲೆ ಹರಡಿತ್ತು. ಎದುರು ಮನೆಯ ಹೆಂಗಸು ಕಿಟಕಿಯಿಂದ ಚೀರುತ್ತಿದ್ದಳು: "ಖಾಸಿಂ ಭಾಯ್! ಖುದಾ ಕೆ ವಾಸ್ತೆ! ಏನ್ ಮಾಡ್ಲಾಕತ್ತೀರಿ!"

ನಾನು ಮೆಟ್ಟಿಲು ಹತ್ತಿದೆ. ಗೂಡಿನೊಳಗಿದ್ದವುಗಳ ಕೆಲಸ ಮುಗಿದಿತ್ತು. ಕಾವಿಗೆ ಕೂತ ಹೆಣ್ಣಿನ ಮೊಟ್ಟೆಗಳು ಗೋಡೆಗೆ ಬಡಿದು ಲೋಳೆಯಾಗಿ ಇಳಿಯುತ್ತಿದ್ದವು. ಹೊರಗೆ ಹಾರಲು ಹೋದವನ್ನು ಅವರು ಸಿಳ್ಳೆ ಹಾಕಿ ಕರೆಯುತ್ತಿದ್ದರು. ಮುಖಗವಸು ಕೆಳಗೆ ಸರಿಸಿ, ರಕ್ತದ ಬೆರಳುಗಳನ್ನು ಕೈಗವಸಿನಿಂದ ಬಿಡಿಸಿ ಬಾಯಲ್ಲಿಟ್ಟು, ಎಂದಿನ ಅದೇ ಸಿಳ್ಳೆ. ಅವು ಬಂದವು. ಹೆಗಲ ಮೇಲೆ ಕೂತವು. ಒಂದೊಂದನ್ನೇ ಇಳಿಸಿ, ಕುತ್ತಿಗೆಯ ಗರಿ ಸವರಿ, ಪಶ್ಚಿಮಕ್ಕೆ ತಿರುಗಿಸಿ, ದೇವರ ಹೆಸರು ಹೇಳಿ ಚೂರಿ ಎಳೆಯುತ್ತಿದ್ದರು. ಒದ್ದಾಡುವುದನ್ನು ಬುಟ್ಟಿಯಡಿಗೆ ಹಾಕುತ್ತಿದ್ದರು. ಬುಟ್ಟಿ ತಾನೇ ನಡೆಯುವಂತೆ ಮಾಳಿಗೆಯ ಮೇಲೆ ಸರಿದಾಡುತ್ತಿತ್ತು.

"ನಿಲ್ಲಿಸ್ರಿ ಖಾಸಿಂಸಾಬ್! ಯಾರಿಗಾದ್ರೂ ಕೊಟ್ಟುಬಿಡ್ರಿ!"

"ಯಾರಿಗಿ ಕೊಡ್ಲಿ? ಅವರ ಮನ್ಯಾಗ ತಂಗಿ ಇಲ್ಲೇನು?" ಅವರು ತಿರುಗಲಿಲ್ಲ. "ಮತ್ತ ಎಲ್ಲಿ ಬಿಟ್ರೂ ನನ್ನ ಮಾಳಗಿಗೇ ಬರ್ತಾವ. ನಾನೇ ಕಲಿಸೀನಿ. ಬೀದರಿಗೆ ಒಯ್ದು ಬಿಟ್ಟಾಗ ನನಗಿಂತ ಮದ್ಲ ಮನಿಗೆ ಬಂದಿದ್ವು."

ಆ ಮಧ್ಯಾಹ್ನದೊಳಗೆ ಮೂವತ್ತೊಂದು ಪಾರಿವಾಳಗಳು ಸತ್ತವು. ಸುಣ್ಣ ಸುರಿದು ಊರ ಹೊರಗೆ ಹೂತು ಬಂದರು. ಗೂಡಿನ ಹಲಗೆಗಳಿಗೆ ಬೆಂಕಿ ಇಟ್ಟರು. ಆಸ್ಪತ್ರೆಯಲ್ಲಿ ಶಮೀಮ ಕೇಳಿದಾಗ ಮಾರಿದೆ ಎಂದರಂತೆ. ಮರುದಿನ ಸರಿಯಾದ ಸಮಯಕ್ಕೆ ಕೆಲಸಕ್ಕೆ ಬಂದರು. ಅವರ ಎಡಗೈಯ ಹಿಂಭಾಗದಲ್ಲಿ ಕೊಕ್ಕಿನ, ಉಗುರಿನ ಗೀರುಗಳಿದ್ದವು. ನಾನು ಅತ್ತ ನೋಡಲಿಲ್ಲ.

ಶಮೀಮಳಿಗೆ ದಿನವೂ ಶಿಲೀಂಧ್ರ ಕೊಲ್ಲುವ ಔಷಧಿಯನ್ನು ನರಕ್ಕೆ ಹನಿಸುತ್ತಿದ್ದರು. ಹನಿ ಶುರುವಾದ ಗಂಟೆಯೊಳಗೆ ಆಕೆ ಮಂಚ ಗಡಗಡಿಸುವಂತೆ ನಡುಗುತ್ತಿದ್ದಳು. ಖಾಸಿಂಸಾಬರು ಕಾಲಿನ ಮೇಲೂ ಚಾಂದಪಾಶಾ ಭುಜದ ಮೇಲೂ ಭಾರ ಹಾಕಿ ಹಿಡಿಯಬೇಕಾಗುತ್ತಿತ್ತು. ಎರಡು ವಾರ ಹೀಗೆ ಕಳೆದ ಮೇಲೆ ನೀರಿನಲ್ಲಿ ಚಂದ್ರಗಳು ಕಡಿಮೆಯಾದವು. ಗುಳಿಗೆ ಕೊಟ್ಟು ಮನೆಗೆ ಕಳಿಸೋಣವೆಂದರು ವಾರ್ಡಿನ ವೈದ್ಯರು. ಯಾವ ಮನೆಗೆ? ಶಹಾಬಜಾರದ ಮನೆ ಪಾರಿವಾಳದ ಮನೆ. ಸುಣ್ಣ ಬಳಿಯುವುದು ಇನ್ನೂ ಮುಗಿದಿರಲಿಲ್ಲ. ಕಮಲಾಪುರವೇ ಸುರಕ್ಷಿತ ಎಂದು ಖಾಸಿಂಸಾಬರು ನನ್ನನ್ನು ಕೇಳಿಯೇ ತೀರ್ಮಾನಿಸಿದರು. ಮಂಗಳವಾರ ಆಕೆ ಗಂಡನ ಜೊತೆ ಕಮಲಾಪುರಕ್ಕೆ ಹೋದಳು.

ಅದೇ ಮಂಗಳವಾರ ಸಂಜೆ ರಾಸಾಯನಿಕ ಬಂದಿತು. ಎರಡೂ ಮಾದರಿಗಳನ್ನು ನಾನೇ ಹೊಸ ಮಾಧ್ಯಮಕ್ಕೆ ಹಾಕಿದೆ. ಶುಕ್ರವಾರ ಬೆಳಿಗ್ಗೆ ಪೆಟ್ಟಿಗೆ ತೆರೆದರೆ ಪಾರಿವಾಳದ ತಟ್ಟೆ ಹಾಕಿದ ಹಾಗೆಯೇ ಹಳದಿಯಾಗಿತ್ತು. ಶಮೀಮಳದ್ದು ಅಂಚಿನಿಂದ ಅಂಚಿಗೆ ನೀಲಿ.

ಮುಚ್ಚಿಡುವ ಯೋಚನೆ ನನಗೆ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಬಂತು. ಆದರೆ ಆಕೆಯ ರೋಗ ಮರದಿಂದ ಬಂದದ್ದು, ಆಕೆಯ ಗಂಡ ಬಡಗಿ, ಆಕೆ ಮೂರು ದಿನದಿಂದ ಕಮಲಾಪುರದಲ್ಲಿದ್ದಾಳೆ. ಈ ಮೂರನ್ನೂ ಜೋಡಿಸಿದ ಕ್ಷಣಕ್ಕೆ ಎದ್ದು ಬಾಗಿಲಿಗೆ ಓಡಿದೆ. ಖಾಸಿಂಸಾಬರನ್ನು ಕರೆದೆ. ಎರಡೂ ತಟ್ಟೆ ತೋರಿಸಿದೆ. ಅವರಿಗೆ ವಿವರಣೆ ಬೇಕಿರಲಿಲ್ಲ. ಆ ಮಾಧ್ಯಮವನ್ನು ನನಗಿಂತ ಹೆಚ್ಚು ಸಲ ಕಾಯಿಸಿದವರು ಅವರು. ಮುಚ್ಚಳಗಳ ಮೇಲಿನ ಹೆಸರು, ತಾರೀಖುಗಳನ್ನು ಎರಡು ಸಲ ಓದಿದರು.

ಆಗ ನಾನು ಬಾಯಿ ಬಿಡಬಾರದಿತ್ತು. "ಹೆಂಗೂ ಆ ಹಿಕ್ಕೆಯಲ್ಲೂ ಕ್ರಿಪ್ಟೊಕಾಕಸ್ ಇತ್ತಲ್ಲ. ಮುಂದೆ ಅಪಾಯ ಆಗೇ ಆಗ್ತಿತ್ತು..." ಎಂದೆ.

ಮುಷ್ಟಿ ಬಂದದ್ದು ನನಗೆ ಕಾಣಲಿಲ್ಲ. ಕನ್ನಡಕ ಹಾರಿ ತೊಟ್ಟಿಗೆ ಬಿತ್ತು. ಬಾಯೊಳಗೆ ಹಲ್ಲೊಂದು ಸಡಿಲವಾಯಿತು. ಅವರು ನನ್ನ ಅಂಗಿಯ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದರು. ನೆಲಕ್ಕೆ ನನ್ನ ಹಿಮ್ಮಡಿ ತಾಗುತ್ತಿರಲಿಲ್ಲ.

"ತಡೀಲಿಕ್ಕ ಆಗ್ಲಿಲ್ಲೇನ್ರಿ? ಇನ್ನೊಂದು ಪರೀಕ್ಷಾ ಅದ ಅಂತ ಹೇಳ್ಲಿಕ್ಕ ನಾಲಿಗಿ ಇದ್ದಿದ್ದಿಲ್ಲೇನು? ನಾನು ಕೇಳ್ದೆ. ನಿಮಗ ನಿಂತು ಕೇಳ್ದೆ!"

ನನ್ನ ರಕ್ತ ಅವರ ಮುಂಗೈ ಮೇಲೆ ಇಳಿಯುತ್ತಿತ್ತು. ಅವರು ಅದನ್ನೇ ನೋಡಿದರು. ಕೈ ಬಿಟ್ಟರು. ಕಪಾಟಿನಿಂದ ಹತ್ತಿ, ಸ್ಪಿರಿಟ್ ತಂದು ನನ್ನ ತುಟಿ ಒರೆಸಿದರು. ಉರಿಗೆ ನಾನು ತಲೆ ಹಿಂದೆಳೆದರೆ ಗದ್ದ ಹಿಡಿದು ಒರೆಸಿದರು.

"ನಡೀರಿ. ಕಮಲಾಪುರಕ್ಕ."

ಹುಮನಾಬಾದಿನ ಬಸ್ಸು ಸಿಕ್ಕಿತು. ಊದಿದ ತುಟಿ, ಕನ್ನಡಕವಿಲ್ಲದ ಮುಖ ನೋಡಿ ಕಂಡಕ್ಟರ್ ಬಗ್ಗಿ ಕೇಳಿದ: "ಏನಾತ್ರೀ ಸರ? ಗಾಡಿ ಮ್ಯಾಲಿಂದ ಬಿದ್ರೇನು?"

"ನಾನೇ ಹೊಡದೀನಿ. ಎರಡು ಕಮಲಾಪುರ ಕೊಡು" ಎಂದರು ಖಾಸಿಂಸಾಬರು.

ಕಂಡಕ್ಟರ್ ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಅವನು ಚೀಟಿ ಹರಿದುಕೊಟ್ಟು ದಾರಿಯುದ್ದಕ್ಕೂ ನಮ್ಮ ಕಡೆ ಬರಲಿಲ್ಲ.

ಚಾಂದಪಾಶಾನ ಮನೆ ಊರಿನ ಅಂಚಿನಲ್ಲಿ, ಕೆಂಪು ಮಣ್ಣಿನ ಅಂಗಳ. ಅಂಗಳದ ನಡುವೆ ಒಂದು ಹಳೆಯ ಹುಣಸೆಯ ದಿಮ್ಮಿ, ಅರ್ಧ ಕೊಯ್ದದ್ದು. ಅದರ ಹೊಟ್ಟೆಯಲ್ಲಿ ಮನುಷ್ಯನ ತಲೆ ಹೋಗುವಷ್ಟು ದೊಡ್ಡ ಪೊಟರೆ, ಒಳಗೆ ಕಪ್ಪಾಗಿ ಕೊಳೆತ ಪುಡಿ. ಅದರಿಂದ ಹತ್ತು ಹೆಜ್ಜೆ ಆಚೆ, ಬಿಸಿಲಿಗೆಂದು ಹಾಕಿದ ಮಂಚದ ಮೇಲೆ ಶಮೀಮ ಕೂತಿದ್ದಳು. ಚಾಂದಪಾಶಾ ಗರಗಸ ಎಳೆಯುತ್ತಿದ್ದ. ಗಾಳಿ ಆಕೆಯ ಕಡೆಗೇ ಬೀಸುತ್ತಿತ್ತು. ಮಡಿಲಲ್ಲಿದ್ದ ಅಕ್ಕಿಯ ಮೊರದ ಮೇಲೂ ತೆಳ್ಳಗೆ ಮರದ ಹೊಟ್ಟು ಕೂತಿತ್ತು.

ಖಾಸಿಂಸಾಬರು ಓಡಿ ಹೋಗಿ ತಂಗಿಯನ್ನು ಮಂಚದಿಂದ ಎತ್ತಿ ಒಳಕೋಣೆಗೆ ಒಯ್ದು ಬಾಗಿಲು ಹಾಕಿದರು. ಹೊರಗೆ ಬಂದು ಗೋಡೆಗೆ ಒರಗಿದ್ದ ಕೊಡಲಿ ಎತ್ತಿದರು.

"ಭಾಯಿ! ಅದು ಮಂದಿ ಕಟಗಿ! ಮದಿವಿ ಪಲಂಗಕ್ಕ ಅಂತ ಮಳಿಗಾಲದಾಗೇ ತಂದು ಹಾಕ್ಯಾರ!" ಚಾಂದಪಾಶಾ ಅಡ್ಡ ಬಂದ.

"ಸರಿ ಆಚಿಗೆ. ಇದು ನಿನ್ನ ಹೆಂಡ್ತಿ ತಲ್ಯಾಗ ಹೊಕ್ಕದ!"

"ಕಟಗಿ ಹ್ಯಾಂಗ ತಲ್ಯಾಗ ಹೋಗ್ತದ? ನೀನೇ ಕಬೂತರ್ ಅಂದಿದ್ದಿ!"

ಭಾವಮೈದುನನ ಎದೆಗೆ ಕೈಯಿಟ್ಟು ಅವರು ನೂಕಿದ ರಭಸಕ್ಕೆ ಅವನು ಹಿಂದಕ್ಕೆ ಬಿದ್ದು ಗರಗಸದ ಹಲ್ಲಿಗೆ ಮುಂಗೈ ಸೀಳಿಕೊಂಡ. ಕೊಡಲಿ ದಿಮ್ಮಿಯ ಮೇಲೆ ಇಳಿಯಿತು. ಎರಡನೆಯ ಹೊಡೆತಕ್ಕೆ ಪೊಟರೆಯಿಂದ ಕಪ್ಪು ಧೂಳು ಹೊಗೆಯಂತೆ ಎದ್ದಿತು. ಒಳಗಿನಿಂದ ಶಮೀಮ ಬಾಗಿಲು ಬಡಿಯುತ್ತ "ಭಾಯಿ, ಭಾಯಿ" ಎಂದು ಕೂಗುತ್ತಿದ್ದಳು. ನಾನು ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಕಿರುಚಿದೆ: "ಖಾಸಿಂಸಾಬ್, ಧೂಳು! ಧೂಳಿನೊಳಗೇ ಇರೋದು ಅದು! ಬಾಗಿಲ ಸಂದಿ ನೋಡ್ರಿ!"

ಎತ್ತಿದ ಕೊಡಲಿ ನಿಂತಿತು. ಅವರು ಬಾಗಿಲ ಕಡೆ ನೋಡಿದರು. ಹಲಗೆಗಳ ನಡುವೆ ಎರಡು ಬೆರಳಗಲದ ಸಂದಿ ಇತ್ತು. ಕೊಡಲಿಯನ್ನು ನಿಧಾನವಾಗಿ ನೆಲಕ್ಕಿಟ್ಟು, ತಾವೇ ಬಾವಿಯಿಂದ ನೀರು ಸೇದಿ ತಂದು, ಹನ್ನೆರಡು ಕೊಡ ಆ ದಿಮ್ಮಿಯ ಮೇಲೆ ಸುರಿದರು. ಒದ್ದೆಯಾದ ಪೊಟರೆಯಿಂದ ನಾನು ಕಡ್ಡಿಗೆ ಹತ್ತಿ ಸುತ್ತಿ ಮಾದರಿ ತೆಗೆದೆ. ಸೀಸೆಯ ಮೇಲೆ ತಾರೀಖು ಬರೆದವರು ಅವರೇ. ಆಮೇಲೆ ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು ಚಾಂದಪಾಶಾನ ಮುಂಗೈಗೆ ತಮ್ಮ ಕರವಸ್ತ್ರ ಕಟ್ಟಿದರು. ಇಬ್ಬರೂ ಅಳುತ್ತಿದ್ದರು.

ಐದನೆಯ ದಿನ ಆ ಮಾದರಿಯೂ ನೀಲಿಯಾಯಿತು.

ಶಮೀಮಳನ್ನು ಆ ಶುಕ್ರವಾರವೇ ವಾಪಸು ಕರೆತಂದಿದ್ದೆವು. ಎರಡನೆಯ ವಾರಕ್ಕೆ ತಲೆನೋವು ಮರುಕಳಿಸಿತು. ಒಂದು ಕಣ್ಣು ಮಂಜಾಯಿತು. ಹಳೆಯ ಸೋಂಕೇ ಮತ್ತೆ ಎದ್ದಿತೋ, ಕಮಲಾಪುರದ ಆ ಮೂರು ದಿನಗಳಲ್ಲಿ ಹೊಸದು ಸೇರಿತೋ? ಇದನ್ನು ಖಚಿತವಾಗಿ ಹೇಳುವ ಪುರಾವೆ ನನ್ನ ಬಳಿ ಇಲ್ಲ. ಆಕೆಯ ಮತ್ತು ದಿಮ್ಮಿಯ ತಟ್ಟೆಗಳನ್ನು ಎಷ್ಟು ಸಲ ನೋಡಿದರೂ ಅವು ಅದನ್ನು ಹೇಳಲಿಲ್ಲ. ಮತ್ತೆ ಅದೇ ನಡುಗಿಸುವ ಔಷಧಿ ಶುರು ಮಾಡಬೇಕಾಯಿತು. ಆ ಔಷಧಿ ಮೂತ್ರಪಿಂಡವನ್ನು ತಿನ್ನುತ್ತದೆ. ಮೊದಲ ಸರದಿಗೇ ಬಳಲಿದ್ದ ಮೂತ್ರಪಿಂಡ ಎರಡನೆಯದನ್ನು ತಾಳುವುದಿಲ್ಲವೆಂದು ವೈದ್ಯರು ಹೇಳಿದರು. ನಿಲ್ಲಿಸಿದರೆ ಮಿದುಳು ಹೋಗುತ್ತದೆ; ಮುಂದುವರಿಸಿದರೆ ಅಣ್ಣ ಕೊಟ್ಟ ಮೂತ್ರಪಿಂಡ ಹೋಗುತ್ತದೆ. ಮನೆಯವರು ಹೇಳಬೇಕು ಎಂದರು.

ಚಾಂದಪಾಶಾ ಭಾವನ ಮುಖ ನೋಡಿದ. ಖಾಸಿಂಸಾಬರು ಒಂದು ಗಳಿಗೆಯೂ ತಡಮಾಡಲಿಲ್ಲ.

"ಕಿಡ್ನಿ ನಂದು, ತಲಿ ಆಕಿದು. ನಂದು ಹೋಗ್ಲಿ ಬಿಡ್ರಿ. ಹಾಕ್ರಿ ಸಲೈನ್."

ಒಂಬತ್ತನೆಯ ದಿನಕ್ಕೆ ಮೂತ್ರ ನಿಂತಿತು. ಮಿದುಳು ಉಳಿಯಿತು. ಶಮೀಮ ಮತ್ತೆ ಮಾತಾಡಿದಳು, ಒಂದೇ ಕಣ್ಣಿನಿಂದ ಕುರಾನ್ ಓದಿದಳು, ಅಣ್ಣನನ್ನು ಬೈದಳು. ದಿಮ್ಮಿ ಸಾಗಿಸಿದ ಕಮಲಾಪುರದ ಮನೆಯಿಂದ ವಾರಕ್ಕೆ ಎರಡು ಸಲ ಯಂತ್ರದಲ್ಲಿ ರಕ್ತ ಶುದ್ಧಿ ಮಾಡಿಸಲು ಕಲಬುರಗಿಗೆ ಬರುತ್ತಿದ್ದಳು. ಖಾಸಿಂಸಾಬರು ಆ ದಿನಗಳಲ್ಲಿ ರಜೆ ಹಾಕಿ ಪಕ್ಕದಲ್ಲಿ ಕೂರುತ್ತಿದ್ದರು. ಆಮೇಲೆ ಸ್ವಯಂ ನಿವೃತ್ತಿ ಪಡೆದು ಪ್ರಯೋಗಾಲಯ ಬಿಟ್ಟರು. ನನ್ನೊಡನೆ ಕೊನೆಯ ದಿನದವರೆಗೂ ಕೆಲಸದ ಮಾತಿನ ಹೊರತು ಬೇರೇನೂ ಆಡಲಿಲ್ಲ. ಕ್ಷಮಿಸಿ ಎಂದು ಎರಡು ಸಲ ಹೇಳಲು ಹೋದೆ. ಎರಡು ಸಲವೂ ಅವರು ಎದ್ದು ಕೈ ತೊಳೆಯಲು ಹೋದರು.

ಏಳು ತಿಂಗಳ ನಂತರ, ಒಂದು ಗುರುವಾರ ಬೆಳಿಗ್ಗೆ, ಯಂತ್ರಕ್ಕೆ ಜೋಡಿಸಿದ್ದಾಗಲೇ ಶಮೀಮಳ ಹೃದಯ ನಿಂತಿತು. ಎದೆಯನ್ನು ಅದುಮಿ ಅದುಮಿ ಪಕ್ಕೆಲುಬು ಮುರಿದರೂ ಮತ್ತೆ ಶುರುವಾಗಲಿಲ್ಲ. ಸುದ್ದಿ ತಿಳಿದು ನಾನು ಕಮಲಾಪುರಕ್ಕೆ ಹೋದಾಗ ಇಳಿಹೊತ್ತಿನ 'ಅಸರ್' ನಮಾಜು ಮುಗಿದಿತ್ತು. ಖಬರಸ್ತಾನದ ಗೋಡೆಯ ಆಚೆ, ಬೇವಿನ ಗಿಡದ ಕೆಳಗೆ ನಿಂತೆ. ಒಳಗೆ ಹೋಗುವ ಧೈರ್ಯ ನನಗಿರಲಿಲ್ಲ. ಖಾಸಿಂಸಾಬರು ಗುಳಿಯೊಳಗೆ ಇಳಿದು ತಂಗಿಯನ್ನು ಮಲಗಿಸಿ, ಮುಖವನ್ನು ಪಶ್ಚಿಮಕ್ಕೆ ತಿರುಗಿಸಿದರು. ಮೇಲೆ ಬಂದರು. ಮಂದಿ ಒಬ್ಬೊಬ್ಬರಾಗಿ ಬಗ್ಗಿ ಮೂರು ಮೂರು ಹಿಡಿ ಮಣ್ಣು ಹಾಕತೊಡಗಿದರು. ಆಗ ಅವರು ತಲೆಯೆತ್ತಿ ಗೋಡೆಯಾಚೆ ನನ್ನನ್ನು ಕಂಡರು.

ನೇರ ನನ್ನ ಕಡೆಗೆ ನಡೆದು ಬಂದರು. ಹೊಡೆಯುತ್ತಾರೆಂದೇ ನಾನು ಎಣಿಸಿದೆ. ಹೊಡೆಯಲಿ ಎಂದೂ ಅನಿಸಿತು. ಅವರು ನನ್ನ ಮಣಿಕಟ್ಟು ಹಿಡಿದು ಗೇಟಿನಿಂದ ಒಳಕ್ಕೆ ಎಳೆದುಕೊಂಡು ಹೋಗಿ ಗುಳಿಯ ಅಂಚಿಗೆ ನಿಲ್ಲಿಸಿದರು. ಬಗ್ಗಿ ಕೆಂಪು ಮಣ್ಣು ಎತ್ತಿ ನನ್ನ ಬೊಗಸೆಗೆ ಹಾಕಿದರು.

"ಮಣ್ಣ ಕೊಡ್ರಿ ಡಾಕ್ಟರ ಸಾಬ. ನಿಮಗ ಬಿಟ್ಟು ಮುಗಸೂದಿಲ್ಲ ನಾನು."

ನಾನು ಹಾಕಿದೆ. ಅವರು ಇನ್ನೊಮ್ಮೆ ತುಂಬಿದರು. ಹಾಕಿದೆ. ಮೂರನೆಯ ಸಲ ಅವರ ಬೆರಳ ಸಂದಿಯಿಂದ ಮಣ್ಣು ಅರ್ಧ ಕೆಳಗೇ ಚೆಲ್ಲಿತು. ಚೆಲ್ಲಿದ್ದನ್ನು ಬೆರಳಿನಿಂದ ಬಳಿದು, ಪೂರ್ತಿ ಹಿಡಿ ಮಾಡಿ ಕೊಟ್ಟರು.

ಅದಾದ ಮೇಲೆ ಅವರು ಶಹಾಬಜಾರದ ಮನೆಗೆ ಬೀಗ ಹಾಕಿ ಹೊರಟುಹೋದರು. ಹೈದರಾಬಾದಿನಲ್ಲಿದ್ದಾರೆಂದು ಕೆಲವರು, ಇಲ್ಲವೆಂದು ಕೆಲವರು ಹೇಳುತ್ತಾರೆ. ಚಾಂದಪಾಶಾನಿಗೂ ತಿಳಿಯದು. ಅವರು ನನ್ನ ಬೊಗಸೆಗೆ ಮಣ್ಣು ಹಾಕಿದ ಗುರುವಾರವೇ ನಾವು ಭೇಟಿಯಾದ ಕಡೆಯ ದಿನ.